ಕ್ಲೌಡಿನ ಲಾಭ ಯಾರ ಖಾತೆಗೆ?

ಕ್ಲೌಡಿಗೆ ಹೋದರೆ ಖರ್ಚು ಇಳಿಯುತ್ತದೆ ಎಂಬುದನ್ನು ಈಗ ಯಾರೂ ವಾದಿಸಿ ಸಾಧಿಸುವುದಿಲ್ಲ, ಸುಮ್ಮನೆ ಒಪ್ಪಿಕೊಂಡು ಮುಂದೆ ಸಾಗುತ್ತಾರೆ. ಸರ್ವರ್ ಕೊಳ್ಳುವ ಗೊಡವೆಯಿಲ್ಲ, ಬಳಸಿದಷ್ಟಕ್ಕೆ ದುಡ್ಡು ಕೊಟ್ಟರಾಯಿತು ಎಂಬ ಸಮರ್ಥನೆ ಬೆಂಗಳೂರಿನ ನವೋದ್ಯಮಕ್ಕೆ ಹೊಂದೀತು. ಹುಮನಾಬಾದಿನ ಔಷಧ ಕಾರ್ಖಾನೆಗೂ ಮಂಠಾಳದಂಥ ಹೋಬಳಿ ಊರಿನ ಕೃಷಿ ಪತ್ತಿನ ಸೊಸೈಟಿಗೂ ಅದನ್ನೇ ಒಪ್ಪಿಸಿದರೆ ಲೆಕ್ಕ ತಪ್ಪುತ್ತದೆ. ಸೊಸೈಟಿಗೆ ಕ್ಲೌಡ್ ಬೇಡವೆಂದು ನಾನು ಹೇಳುತ್ತಿಲ್ಲ. ಅದರ ಲಾಭವನ್ನು ಉಳಿತಾಯವೆಂದು ಬರೆದುಕೊಳ್ಳುವುದಕ್ಕೆ ನನ್ನ ತಕರಾರು.

2022ರ ಜೂನ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ, ಪ್ರಾಥಮಿಕ ಕೃಷಿ ಪತ್ತಿನ ಸೊಸೈಟಿಗಳ (ಪ್ಯಾಕ್ಸ್) ಗಣಕೀಕರಣ ಯೋಜನೆಯನ್ನೇ ನೋಡೋಣ. 63,000 ಸೊಸೈಟಿಗಳು, ಐದು ವರ್ಷ, 2,516 ಕೋಟಿ ರೂಪಾಯಿ. ಭಾಗಿಸಿದರೆ ಒಂದು ಸೊಸೈಟಿಗೆ ಹೆಚ್ಚುಕಡಿಮೆ 4 ಲಕ್ಷ, ತಿಂಗಳಿಗೆ 6,600 ರೂಪಾಯಿಯ ಆಸುಪಾಸು. ಈ ಮೊತ್ತದಲ್ಲಿ ಕ್ಲೌಡಿನ ಸಾಮಾನ್ಯ ತಂತ್ರಾಂಶವಿದೆ. ಅದರ ಜೊತೆಗೇ ಸೊಸೈಟಿಯಲ್ಲಿಡುವ ಯಂತ್ರಗಳು, ಹಳೆಯ ದಾಖಲೆಗಳನ್ನು ಗಣಕಕ್ಕೆ ಏರಿಸುವ ಕೆಲಸ, ನಿರ್ವಹಣೆ, ತರಬೇತಿಯೂ ಇವೆ. ಬಂಡವಾಳ ವೆಚ್ಚ ಮಾಯವಾಗುತ್ತದೆ ಎಂದವರು ಈ ಪಟ್ಟಿಯನ್ನು ಓದಿಲ್ಲ. ಬಳಸಿದಷ್ಟಕ್ಕೆ ದುಡ್ಡು ಎಂಬುದೂ ಇಲ್ಲಿ ಕೆಲಸಕ್ಕೆ ಬಾರದು: ಹೊರೆ ಒಮ್ಮೆಲೇ ಏರಿ ಇಳಿಯುವಲ್ಲಿ ಮಾತ್ರ ಆ ದರಪದ್ಧತಿಯಿಂದ ಗಿಟ್ಟುತ್ತದೆ. ಸೋಯಾ, ಉದ್ದು, ತೊಗರಿಯ ಮುಂಗಾರು ಸಾಲ ಕೊಡುವ ದಿನಗಳ ಗದ್ದಲವನ್ನೂ ಸೊಸೈಟಿಯ ಮೇಜಿನ ಮೇಲಿನ ಒಂದು ಗಣಕ ತಾಳಿಕೊಳ್ಳುತ್ತದೆ. ಉಳಿದದ್ದು ತೆರಿಗೆ. ಸವಕಳಿಗೆ ಕಾಯದೆ ಇಡೀ ಬಾಡಿಗೆಯನ್ನು ಆ ವರ್ಷವೇ ಖರ್ಚು ತೋರಿಸುವುದು ಹುಮನಾಬಾದಿನ ಕಾರ್ಖಾನೆಗೆ ನಿಜವಾದ ಅನುಕೂಲ. ಕೊಟ್ಟ ಶೇ 18 ಜಿಎಸ್‌ಟಿಯನ್ನೂ ಅದು ತನ್ನ ಮಾರಾಟದ ತೆರಿಗೆಯಲ್ಲಿ ವಜಾ ಮಾಡಿಕೊಳ್ಳುತ್ತದೆ. ಸೊಸೈಟಿಗೆ ಸದಸ್ಯರ ಸಾಲದಿಂದ ಬರುವ ಆದಾಯಕ್ಕೆ ಆದಾಯ ತೆರಿಗೆಯಲ್ಲಿ ಮೊದಲೇ ಕಡಿತವುಂಟು, ಬಡ್ಡಿಗೆ ಜಿಎಸ್‌ಟಿ ಇಲ್ಲ. ಹಾಗಾಗಿ ಮೊದಲ ಅನುಕೂಲಕ್ಕೆ ಅರ್ಥವಿಲ್ಲ, ಎರಡನೆಯದು ಕೈಗೆ ಸಿಗುವುದಿಲ್ಲ. ಇಂದು ಅದಕ್ಕೆ ಈ ವೆಚ್ಚ ತಟ್ಟುತ್ತಿಲ್ಲವೆಂದರೆ ಅದು ಸಬ್ಸಿಡಿಯ ಮಹಿಮೆ. ಅದನ್ನು ಕ್ಲೌಡಿನ ಹೆಸರಿಗೆ ಜಮಾ ಮಾಡುವುದು ಸರಿಯಲ್ಲ.

ಇಷ್ಟು ಓದಿ ಕ್ಲೌಡ್ ವಿರೋಧಿಗಳು ಹಿಗ್ಗಬೇಕಿಲ್ಲ. ಅವರ ಬತ್ತಳಿಕೆಯಲ್ಲಿ ಸದಾ ಡ್ರಾಪ್‌ಬಾಕ್ಸ್ ಇರುತ್ತದೆ: ಅಮೆಜಾನಿನ ಕ್ಲೌಡಿನಿಂದ ಹೊರಬಂದು ಸ್ವಂತ ಯಂತ್ರ ಹೂಡಿ ಎರಡು ವರ್ಷದಲ್ಲಿ ಸುಮಾರು 7.5 ಕೋಟಿ ಡಾಲರ್ ಉಳಿಸಿದ ಕಂಪನಿ. ಆಮೇಲೆ ಬೇಸ್‌ಕ್ಯಾಂಪ್ ತಂತ್ರಾಂಶದ ಮಾಲೀಕರು 2022ರಲ್ಲಿ ಹಿಡಿದ ಅದೇ ದಾರಿ. ಎರಡೂ ನಿಜ, ಎರಡೂ ಇಲ್ಲಿಗೆ ಅಪ್ರಸ್ತುತ. ಡ್ರಾಪ್‌ಬಾಕ್ಸಿಗೆ ಪರ್ವತದಷ್ಟು ದತ್ತಾಂಶವಿತ್ತು, ಅದನ್ನು ಹೊರಬಲ್ಲ ಎಂಜಿನಿಯರುಗಳಿದ್ದರು. ಹೋಬಳಿಯ ಸೊಸೈಟಿಯಲ್ಲಿ ಒಬ್ಬ ಕಾರ್ಯದರ್ಶಿ, ಹೆಚ್ಚೆಂದರೆ ಒಬ್ಬ ಗುಮಾಸ್ತ. ನವೋದ್ಯಮದ ಲೆಕ್ಕವನ್ನು ಹಳ್ಳಿಗೆ ಹೇರುವವರ ತಪ್ಪನ್ನೇ ಇವರು ತಿರುವಿ ಹಾಕಿದ್ದಾರೆ, ಅಷ್ಟೇ. ಇಬ್ಬರೂ ಬಾಡಿಗೆಯನ್ನು ಯಂತ್ರದ ಬೆಲೆಯೊಡನೆ ತೂಗುತ್ತಾರೆ. ನಿಜವಾದ ಲಾಭ ಇರುವುದು ಲೆಕ್ಕ ಕಣ್ಣೆದುರಿಗಿರುವುದರಲ್ಲಿ. ಲೆಡ್ಜರು ಒಂದೇ ಬೀರುವಿನಲ್ಲಿದ್ದಾಗ ವರ್ಷಕ್ಕೊಮ್ಮೆ ಬರುವ ಲೆಕ್ಕಪರಿಶೋಧಕನ ಹೊರತು ಅದನ್ನು ತೆರೆದು ನೋಡುವವರಿಲ್ಲ. ಕ್ಲೌಡಿನಲ್ಲಿದ್ದರೆ ಅದೇ ಸಾಲ ಅದೇ ದಿನ ಸೊಸೈಟಿಗೆ ಸಾಲ ಕೊಡುವ ಜಿಲ್ಲಾ ಕೇಂದ್ರ ಸಹಕಾರ (ಡಿಸಿಸಿ) ಬ್ಯಾಂಕಿಗೂ ಕಾಣಬಲ್ಲದು. ಒಂದೇ ಪಹಣಿಯ ಮೇಲಿನ ಎರಡು ಸಾಲ, ತಿದ್ದಿದ ವಸೂಲಿ, ಇಲ್ಲದ ಸದಸ್ಯ, ಇವು ಬೇಗ ಹೊರಬಿದ್ದರೆ ಉಳಿಯುವ ಹಣದ ಮುಂದೆ ತಿಂಗಳ ಬಾಡಿಗೆ ಪುಡಿಗಾಸು. ಆದರೆ ಹಾಗೆ ಉಳಿಯುವ ಹಣದಲ್ಲಿ ಹೆಚ್ಚಿನ ಪಾಲು ಮೇಲಿನಿಂದ ಸಾಲ ಕೊಟ್ಟವರದು.

ಎಲ್ಲರ ಲೆಕ್ಕವೂ ಒಂದೇ ಕಡೆ ಸೇರಿದರೆ ಒಂದೇ ಪೆಟ್ಟಿಗೆ ಎಲ್ಲ ಮಲಗುವುದಿಲ್ಲವೇ? ಮಲಗುತ್ತದೆ. 2024ರ ಜುಲೈ ಕೊನೆಯಲ್ಲಿ ಬ್ಯಾಂಕುಗಳಿಗೆ ತಂತ್ರಾಂಶ ಸೇವೆ ಕೊಡುವ ಸಿ-ಎಡ್ಜ್ ಕಂಪನಿಯ ಮೇಲೆ ರ‍್ಯಾನ್ಸಮ್‌ವೇರ್ ದಾಳಿಯಾದಾಗ, ದೇಶದ ಪಾವತಿ ಜಾಲ ನಡೆಸುವ ಎನ್‌ಪಿಸಿಐ ಅದನ್ನು ತನ್ನ ಜಾಲದಿಂದ ಬೇರ್ಪಡಿಸಿತು. ಅದರ ಸೇವೆ ಪಡೆಯುತ್ತಿದ್ದ ಸುಮಾರು 300 ಸಣ್ಣ ಬ್ಯಾಂಕುಗಳ ಪಾವತಿ ನಿಂತಿತು. ಸ್ವಂತ ಸರ್ವರಿಗೂ ಅದೇ ದಾಳಿ ಬರಬಹುದು; ಅಲ್ಲಿ ಎಬ್ಬಿಸಿ ನಿಲ್ಲಿಸುವವರೂ ಇರುವುದಿಲ್ಲ. ಆದ್ದರಿಂದ ಈ ಆಕ್ಷೇಪ ಕ್ಲೌಡನ್ನು ಬೀಳಿಸುವುದಿಲ್ಲ, ಅಗ್ಗ ಎಂಬ ಬಿರುದನ್ನು ಮಾತ್ರ ಕಿತ್ತುಕೊಳ್ಳುತ್ತದೆ: ನಿಂತ ದಿನದ ನಷ್ಟವನ್ನು ಯಾವ ದರಪಟ್ಟಿಯೂ ತೋರಿಸುವುದಿಲ್ಲ. ಯೋಜನೆಯ ಐದು ವರ್ಷ ಕಳೆದ ಮೇಲೆ ಬಾಡಿಗೆ ಪ್ರತಿ ತಿಂಗಳೂ ಬರುತ್ತದೆ, ಸೊಸೈಟಿಯ ಆದಾಯ ಮಾತ್ರ ಹಂಗಾಮಿಗೊಮ್ಮೆ. ಲೆಕ್ಕ ಕಣ್ಣೆದುರಿಗಿರುವುದರ ಲಾಭ ಮೇಲಿನವರಿಗೆ ಹೋಗುವುದಾದರೆ ಆ ಬಾಡಿಗೆಯನ್ನು ಡಿಸಿಸಿ ಬ್ಯಾಂಕು, ನಬಾರ್ಡ್ ಭರಿಸಲಿ. ರೈತನ ಷೇರು ಹಣಕ್ಕೆ ಅದರ ಹೊಣೆ ಕಟ್ಟುವುದು ಅನ್ಯಾಯ.