ತಾರತಮ್ಯದ ವ್ಯಾಕರಣ: ಬಳ್ಳಿಗಾವಿಯಿಂದ ಕೊರಿಯನ್ ಭಾಷೆಯವರೆಗೆ

ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯ ಕೋಡಿಯಮಠವನ್ನು ವರ್ಣಿಸುವ 1162ರ ಶಾಸನವು ಅಲ್ಲಿ ಅಭ್ಯಾಸವಾಗುತ್ತಿದ್ದ ವ್ಯಾಕರಣಗಳನ್ನು ಹೆಸರಿಸುತ್ತದೆ: ಕೌಮಾರ, ಪಾಣಿನೀಯ, ಶಾಕಟಾಯನ ಶಬ್ದಾನುಶಾಸನ ಮೊದಲಾದವು. ಕಾಳಾಮುಖ ಶೈವರ ಮಠದಲ್ಲಿ ಜೈನ ವೈಯಾಕರಣನ ಗ್ರಂಥವೂ ಪಾಠವಾಗುತ್ತಿತ್ತೆಂಬುದು ಗಮನಾರ್ಹ. ಬಿ. ಎಲ್. ರೈಸ್ ಅವರು ಶಿಕಾರಿಪುರದ ಶಾಸನಗಳನ್ನು 1902ರಲ್ಲಿಯೂ ಸೊರಬದ ಶಾಸನಗಳನ್ನು 1904ರಲ್ಲಿಯೂ ಎಪಿಗ್ರಾಫಿಯಾ ಕರ್ನಾಟಿಕದ ಸಂಪುಟಗಳಲ್ಲಿ ಪ್ರಕಟಿಸಿದರು. ಅದರ ಮರುವರ್ಷವೇ, 1905ರಲ್ಲಿ, ಕೊರಿಯದಲ್ಲಿ ನೆಲೆಸಿದ್ದ ಅಮೆರಿಕದ ಹೋಮರ್ ಹಲ್ಬರ್ಟ್ ಕೊರಿಯನ್ ಮತ್ತು ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣವೊಂದನ್ನು ಹೊರತಂದು, ಇವುಗಳಿಗೆ ರಕ್ತಸಂಬಂಧವಿದೆಯೆಂದು ವಾದಿಸಿದನು. ಈ ವಾದವನ್ನು ಪರೀಕ್ಷಿಸಲು ತಾರತಮ್ಯ ವಾಕ್ಯಕ್ಕಿಂತ ಒಳ್ಳೆಯ ಒರೆಗಲ್ಲು ದೊರೆಯುವುದು ಕಷ್ಟ.

‘ತಾರತಮ್ಯ’ವೆಂಬ ಶಬ್ದವೇ ‘ತರ’, ‘ತಮ’ ಎಂಬ ಸಂಸ್ಕೃತ ಪ್ರತ್ಯಯಗಳಿಂದ ಹುಟ್ಟಿದೆ. ಪಾಣಿನಿಯ ಭಾಷೆಯಲ್ಲಿ ಹೋಲಿಕೆಯ ಹೊರೆಯನ್ನು ವಿಶೇಷಣವು ಹೊರುತ್ತದೆ. ಯಾವುದಕ್ಕೆ ಹೋಲಿಸಲಾಗಿದೆಯೋ ಅದು ಪಂಚಮಿಯಲ್ಲಿರುತ್ತದೆ. ಕನ್ನಡದಲ್ಲಿ ವಿಶೇಷಣವು ಕದಲುವುದಿಲ್ಲ. ‘ಶಿಕಾರಿಪುರ ದೊಡ್ಡದು’, ‘ಶಿಕಾರಿಪುರ ಸೊರಬಕ್ಕಿಂತ ದೊಡ್ಡದು’ ಎಂಬೆರಡರಲ್ಲಿಯೂ ‘ದೊಡ್ಡದು’ ಒಂದೇ. ಹಳಗನ್ನಡದ ‘ಅದಱಿಂ ಪಿರಿದು’ ಎಂಬಲ್ಲಿನ ‘ಇಂ’ ಕೇಶಿರಾಜನ ಎಣಿಕೆಯಲ್ಲಿ ತೃತೀಯೆಯ ಪ್ರತ್ಯಯ. ಪಂಚಮಿಗೆ ಅವನು ಹೇಳುವುದು ‘ಅತ್ತಣಿಂ’. ಹೊಸಗನ್ನಡವಾದರೋ ಚತುರ್ಥಿಯ ಮೇಲೆ ‘ಇಂತ’ವನ್ನು ನಿಲ್ಲಿಸುತ್ತದೆ. ಸಂಸ್ಕೃತದ ಅಚ್ಚಿನಲ್ಲಿ ಕನ್ನಡದ ಹೋಲಿಕೆಯು ಎರಕವಾಗುವುದಿಲ್ಲ. ಹೀಗಿದ್ದೂ ‘ಉನ್ನತ, ಉನ್ನತತರ, ಉನ್ನತತಮ’ ಎಂಬ ಮೂರು ಮೆಟ್ಟಿಲುಗಳನ್ನು ಕನ್ನಡ ವ್ಯಾಕರಣವೆಂದು ಕಲಿಸುವುದು ಎರವಲು ಪದಗಳ ವ್ಯಾಕರಣವನ್ನು ಕಲಿಸಿದಂತೆಯೇ ಸರಿ.

ಇದೇ ವಾಕ್ಯವನ್ನು ಕೊರಿಯನ್ ಭಾಷೆಯಲ್ಲಿ ಹೇಳುವುದಾದರೆ ‘ಶಿಕಾರಿಪುರ-ಗ ಸೊರಬ-ಬೊದ ಖುದ’ ಎಂದಾಗುತ್ತದೆ. ‘ಗ’ ಕರ್ತೃಸೂಚಕ, ‘ಬೊದ’ ನಮ್ಮ ‘ಗಿಂತ’ದ ಸ್ಥಾನದಲ್ಲಿರುವುದು, ‘ಖುದ’ ಎಂದರೆ ದೊಡ್ಡದಾಗಿದೆ. ಅಲ್ಲಿಯೂ ವಿಶೇಷಣಕ್ಕೆ ತಾರತಮ್ಯದ ಪ್ರತ್ಯಯವಿಲ್ಲ. ಒತ್ತು ಬೇಕಾದರೆ ‘ದೊ’ ಎಂಬ ಅವ್ಯಯವು ನಮ್ಮ ‘ಇನ್ನೂ’ ಎಂಬಂತೆ ಬಂದು ಸೇರುತ್ತದೆ. ಪದಕ್ರಮವೂ ಒಂದೇ. ಹಲ್ಬರ್ಟನಂಥವನಿಗೆ ಇಂಥ ಸಾಮ್ಯವು ಆಕರ್ಷಕವಾಗಿ ಕಂಡುದರಲ್ಲಿ ಆಶ್ಚರ್ಯವಿಲ್ಲ.

ಆದರೆ ಎರಡು ಭಾಷೆಗಳಲ್ಲಿಯೂ ಒಂದು ಪ್ರತ್ಯಯ ಇಲ್ಲದಿರುವುದು ಬಂಧುತ್ವಕ್ಕೆ ಸಾಕ್ಷಿಯಾಗದು. ತುರ್ಕಿ, ಜಪಾನಿ ಭಾಷೆಗಳ ರಚನೆಯೂ ಇಂಥದೇ. ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಶಿಕಾರಿಪುರದ ಪೇಟೆಯಲ್ಲಿ ಕಿವಿಗೆ ಬೀಳುವ ಉರ್ದು ಸಾಕು. ಅದು ಸಂಸ್ಕೃತದ ಕುಲಕ್ಕೆ ಸೇರಿದುದಾದರೂ ‘ತರ’ವನ್ನು ಕೈಬಿಟ್ಟು, ‘ಸೆ’ ಎಂಬ ಪ್ರತ್ಯಯವೊಂದರಿಂದಲೇ ಹೋಲಿಕೆಯನ್ನು ಸಾಧಿಸುತ್ತದೆ. ಹಾಗಾದರೆ ಉರ್ದುವೂ ದ್ರಾವಿಡವೆನ್ನಬೇಕೆ?

ಇನ್ನೊಂದು ಸಾಮ್ಯವು ಇದಕ್ಕಿಂತ ಸೂಕ್ಷ್ಮವಾದುದು. ಕೊರಿಯನ್ನಿನ ‘ಬೊದ’ಕ್ಕೂ ‘ನೋಡು’ ಎಂಬರ್ಥದ ‘ಬೊದ’ ಕ್ರಿಯಾಪದಕ್ಕೂ ಇರುವ ನಂಟನ್ನು ವಿದ್ವಾಂಸರು ಗುರುತಿಸಿದ್ದಾರೆ. ತಮಿಳಿನ ‘ಪಾರ್ಕ್ಕಿಲುಮ್’ ಎಂದರೆ ‘ನೋಡಿದರೂ’. ತೆಲುಗಿನ ‘ಕಂಟೆ’ಯಲ್ಲಿಯೂ ಕಾಣುವಿಕೆಯ ಧಾತುವನ್ನು ಗುರುತಿಸಲಾಗಿದೆ. ಒಂದನ್ನು ಕಣ್ಣಮುಂದಿಟ್ಟುಕೊಂಡು ಇನ್ನೊಂದನ್ನು ಅಳೆಯುವ ಮನೋವ್ಯಾಪಾರವೇ ಇಲ್ಲೆಲ್ಲ ವ್ಯಾಕರಣವಾಗಿದೆ. ಆದರೆ ತಮಿಳಿಗೊಂದು ಧಾತು, ತೆಲುಗಿಗೆ ಇನ್ನೊಂದು, ಕನ್ನಡದ ‘ಗಿಂತ’ದಲ್ಲಿ ನೋಡುವಿಕೆಯ ಸುಳಿವೇ ಇಲ್ಲ. ಒಡಹುಟ್ಟಿದ ಭಾಷೆಗಳೇ ತಾರತಮ್ಯದ ಪದವನ್ನು ಬೇರೆಬೇರೆಯಾಗಿ ಕಟ್ಟಿಕೊಂಡಿರುವಾಗ, ಮೂಲದ್ರಾವಿಡದಿಂದ ಅದು ಕೊರಿಯನ್ನಿಗೆ ಸಂದಿತೆನ್ನಲು ಆಧಾರವೆಲ್ಲಿ? ಹದಿನೈದನೆಯ ಶತಮಾನದ ಕೊರಿಯನ್ ಪಠ್ಯಗಳಲ್ಲಿ ಈ ಕೆಲಸವನ್ನು ಬೇರೆ ಪ್ರತ್ಯಯಗಳು ಮಾಡುತ್ತಿದ್ದವೆಂಬುದನ್ನು ಇದರೊಡನೆ ನೆನೆಯಬೇಕು. ಹಲ್ಬರ್ಟನ ಗ್ರಂಥವು ಇಂದು ಪ್ರಮಾಣವಾಗಿ ಉಳಿದಿಲ್ಲ. ಎರಡು ವ್ಯಾಕರಣಗಳನ್ನು ಎದುರುಬದುರು ಇರಿಸಿದ ಸಾಹಸವಾಗಿ ಮಾತ್ರ ಅದಕ್ಕೆ ಬೆಲೆಯಿದೆ.

ಕೋಡಿಯಮಠದ ಅಧ್ಯಯನಕ್ರಮದಲ್ಲಿ ಭಿನ್ನ ವ್ಯಾಕರಣಗಳು ಒಂದೆಡೆ ಸೇರಿದ್ದು ಒಂದೇ ಸಂಸ್ಕೃತವನ್ನು ವಿವರಿಸಲು. ಕನ್ನಡದ ತಾರತಮ್ಯಕ್ಕೆ ಅಂಥ ಏರ್ಪಾಡು ಇನ್ನೂ ಆಗಬೇಕಾಗಿದೆ. ಅದಕ್ಕೆ ಸಾಮಗ್ರಿ ಇದೇ ಎರಡು ತಾಲ್ಲೂಕುಗಳಲ್ಲಿದೆ. ಇಲ್ಲಿನ ದಾನಶಾಸನ, ವೀರಗಲ್ಲುಗಳಲ್ಲಿ ಬಹುಪಾಲಿಗೆ ಕಾಲ ಗೊತ್ತಿದೆ, ಊರು ಗೊತ್ತಿದೆ. ಊರನ್ನೋ ವೀರನನ್ನೋ ಮತ್ತೊಂದರೊಡನೆ ತೂಗುವ ಪ್ರಶಸ್ತಿಭಾಗಗಳನ್ನು ಶತಮಾನವಾರು ಜೋಡಿಸಿದರೆ ‘ಇಂ’ ಎಲ್ಲಿಯವರೆಗೆ ನಿಂತಿತು, ಚತುರ್ಥಿಯು ಆ ಜಾಗಕ್ಕೆ ಎಂದು ಬಂದಿತು ಎಂಬುದನ್ನು ಹುಡುಕಬಹುದು.