ತೆಳುಗಾಳಿಯ ಬಯಲಿನಲ್ಲಿ ಟರ್ಬೋ

ದೇವನಹಳ್ಳಿಯ ವಿಮಾನ ನಿಲ್ದಾಣವು ಸಮುದ್ರಮಟ್ಟದಿಂದ 915 ಮೀಟರ್ ಎತ್ತರದಲ್ಲಿದೆಯೆಂಬ ಸಂಗತಿ ವಿಮಾನಚಾಲಕರಿಗೆ ನಿತ್ಯವೂ ಸ್ಮರಣೀಯವಾದುದು. ಮೋಟಾರು ಕಾರಿನ ಅಭಿಮಾನಿಗಳು ಮಾತ್ರ ಅದನ್ನು ಸಾಮಾನ್ಯವಾಗಿ ಗಣನೆಗೆ ತಂದುಕೊಳ್ಳುವುದಿಲ್ಲ. ಈ ಔನ್ನತ್ಯದಲ್ಲಿ ಗಾಳಿಯ ಒತ್ತಡವು ಮಂಗಳೂರಿನ ಕಡಲಂಚಿನಲ್ಲಿರುವುದಕ್ಕಿಂತ ಹತ್ತರಲ್ಲಿ ಒಂದು ಪಾಲು ಕಡಮೆ. ಅಲ್ಲಿಂದ ಮುಂದುವರಿದು ನಂದಿಬೆಟ್ಟದ 1,478 ಮೀಟರಿನ ನೆತ್ತಿಯನ್ನೇರಿದರೆ ಆ ಕೊರತೆ ಆರರಲ್ಲಿ ಒಂದು ಪಾಲಾಗುತ್ತದೆ. ಪಿಸ್ಟನ್ನುಗಳ ಎಳೆತದಿಂದಷ್ಟೇ ಗಾಳಿಯನ್ನು ಒಳಗೊಳ್ಳುವ ಸಾಧಾರಣ ಎಂಜಿನ್ನು ದೊಡ್ಡಬಳ್ಳಾಪುರ, ಹೊಸಕೋಟೆ, ನೆಲಮಂಗಲಗಳ ಈ ಎತ್ತರದ ಬಯಲಿನಲ್ಲಿ ಸದಾ ಒಂದು ತುತ್ತು ಕಡಮೆ ಉಂಡೇ ದುಡಿಯುತ್ತದೆ. ತಾನು ಹೊರಹಾಕಿದ ಬಿಸಿಹೊಗೆಯ ರಭಸದಿಂದಲೇ ಒಂದು ಚಕ್ರವನ್ನು ತಿರುಗಿಸಿ, ಅದೇ ದಂಡದ ಇನ್ನೊಂದು ತುದಿಯಲ್ಲಿರುವ ಚಕ್ರದಿಂದ ಹೊರಗಿನ ಗಾಳಿಯನ್ನು ಒತ್ತಿ ತುಂಬಿಕೊಳ್ಳುವ ಟರ್ಬೋ ಎಂಜಿನ್ನಿಗಾದರೋ ಈ ಕೊರತೆ ಅಷ್ಟಾಗಿ ತಟ್ಟುವುದಿಲ್ಲ. ಅದರ ಚಕ್ರ ಕೊಂಚ ಹೆಚ್ಚು ವೇಗದಿಂದ ಸುತ್ತಿ ಲೆಕ್ಕವನ್ನು ಸರಿದೂಗಿಸುತ್ತದೆ. ಆ ಹೆಚ್ಚಿನ ಸುತ್ತಿನ ಭಾರವನ್ನು ಹೊರತಕ್ಕದ್ದು ಎಣ್ಣೆ. ಆದುದರಿಂದ ಟರ್ಬೋ ಎಂಜಿನ್ನಿನ ಪೋಷಣೆಯೆಂದರೆ ಮುಕ್ಕಾಲು ಪಾಲು ಅದರ ಎಣ್ಣೆಯ ಪೋಷಣೆಯೇ ಎಂಬುದು ನನ್ನ ಪಕ್ಷ. ಉಳಿದ ಕಾಲು ಪಾಲಿನಲ್ಲಿ ಮಿಕ್ಕ ಪಾಂಡಿತ್ಯವೆಲ್ಲ ಅಡಗುತ್ತದೆ.

ಎತ್ತರಕ್ಕೂ ಈ ಯಂತ್ರಕ್ಕೂ ಇರುವ ನಂಟು ಹಳೆಯದು. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಖಿ ಎಂಬ ಎಂಜಿನಿಯರು 1905ರಲ್ಲಿಯೇ ಇದರ ಕಲ್ಪನೆಗೆ ಪೇಟೆಂಟು ಪಡೆದಿದ್ದನಾದರೂ, ಅದರ ಗುಣವನ್ನು ಕಣ್ಣಿಗೆ ಕಟ್ಟುವಂತೆ ತೋರಿಸಿದವನು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಸ್ಯಾನ್‌ಫರ್ಡ್ ಮಾಸ್. ಆತನು 1918ರಲ್ಲಿ ಲಿಬರ್ಟಿ ಎಂಬ ವಿಮಾನದ ಎಂಜಿನ್ನನ್ನು ಲಾರಿಯ ಮೇಲೆ ಹೇರಿಕೊಂಡು, ಹದಿನಾಲ್ಕು ಸಾವಿರ ಅಡಿಗಳಿಗೂ ಮಿಕ್ಕ ಪೈಕ್ಸ್ ಪೀಕ್ ಎಂಬ ಪರ್ವತದ ತುದಿಗೆ ಒಯ್ದು, ಕೆಳಗೆ 350 ಅಶ್ವಶಕ್ತಿ ಕೊಡುತ್ತಿದ್ದ ಆ ಎಂಜಿನ್ನು ಮೇಲೆ ಬರಿಗಾಳಿಯಲ್ಲಿ 230ರ ಆಸುಪಾಸಿಗೆ ಇಳಿಯುವುದನ್ನೂ, ಟರ್ಬೋ ತೊಡಿಸಿದೊಡನೆ ಮರಳಿ 350ನ್ನು ದಾಟುವುದನ್ನೂ ಅಳೆದು ತೋರಿಸಿದನು. ನಮ್ಮ ಬೆಂಗಳೂರಿಗೂ ಈ ಕಥೆಯಲ್ಲಿ ಒಂದು ಪಾತ್ರವುಂಟು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಕಾನಪುರದಲ್ಲಿ ಉದ್ದೇಶಪೂರ್ವಕವಾಗಿ ಜಖಂಗೊಳಿಸಿ ಗುಜರಿಗೆ ಬಿಸುಟಿದ್ದ ಲಿಬರೇಟರ್ ಬಾಂಬರುಗಳನ್ನು 1948ರಿಂದ ಮೊದಲ್ಗೊಂಡು ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಸಂಸ್ಥೆಯ ಕುಶಲಿಗಳು ಹಾರಲು ಮಾತ್ರ ಸಾಲುವಷ್ಟು ಸರಿಪಡಿಸಿದರು. ಮುಖ್ಯ ಪರೀಕ್ಷಾ ವಿಮಾನಚಾಲಕ ಜಮ್‌ಶೆಡ್ ಮುನ್ಷಿಯವರು ಒಂದಾದ ಮೇಲೊಂದರಂತೆ ನಲವತ್ತಕ್ಕೂ ಹೆಚ್ಚು ವಿಮಾನಗಳನ್ನು ಬೆಂಗಳೂರಿಗೆ ಹಾರಿಸಿ ತಂದರು. ಆ ವಿಮಾನಗಳ ನಾಲ್ಕು ಎಂಜಿನ್ನುಗಳಿಗೂ ಒಂದೊಂದು ಟರ್ಬೋ ಇದ್ದಿತು. ಇಂದಿನ ಕಾರುಗಳ ಟರ್ಬೋವನ್ನು ಪರದೇಶದ ನವನಾಗರಿಕತೆಯ ಆಟಿಕೆಯೆಂದು ತಿಳಿದವರಿಗೆ, ಇವರ ತಾತಂದಿರ ಕಾಲದಲ್ಲಿಯೇ ನಮ್ಮ ಊರಿನ ಕೆಲಸಗಾರರು ಅದನ್ನು ಬಿಚ್ಚಿ ಕೂಡಿಸಿದ್ದರೆಂದು ಹೇಳಬೇಕಾಗುತ್ತದೆ.

ಕಾರಿನ ಚರಿತ್ರೆಯಲ್ಲಿ ಟರ್ಬೋವಿನ ಮೊದಲ ಪ್ರವೇಶ ಅಷ್ಟೇನೂ ಶುಭವಾಗಿರಲಿಲ್ಲ. 1962ರಲ್ಲಿ ಬಂದ ಓಲ್ಡ್ಸ್‌ಮೊಬೈಲ್ ಜೆಟ್‌ಫೈರ್ ಎಂಬ ಕಾರಿನಲ್ಲಿ ಅಕಾಲಸ್ಫೋಟವನ್ನು ತಡೆಯಲು ನೀರು ಮತ್ತು ಮೆಥನಾಲುಗಳ ಮಿಶ್ರಣವನ್ನು ಎಂಜಿನ್ನಿಗೆ ಸಿಂಪಡಿಸುವ ಏರ್ಪಾಡಿತ್ತು. ಅದಕ್ಕೊಂದು ಪ್ರತ್ಯೇಕ ತೊಟ್ಟಿ. ಅದನ್ನು ಆಗಾಗ ತುಂಬಿಸತಕ್ಕದ್ದು ಮಾಲೀಕನ ಹೊಣೆ. ಮಾಲೀಕರು ತುಂಬಿಸಲಿಲ್ಲ. ಎಂಜಿನ್ನುಗಳು ಮಂಕಾದವು, ದೂರುಗಳು ಬಂದವು, ಕೊನೆಗೆ ಬಹುಮಂದಿಯ ಕಾರುಗಳಿಂದ ಟರ್ಬೋವನ್ನೇ ಕಿತ್ತು ಸಾಮಾನ್ಯ ಕಾರ್ಬ್ಯುರೇಟರನ್ನು ಕೂರಿಸಿಕೊಟ್ಟರು. ಯಂತ್ರ ಸೋತುದಲ್ಲ, ಪರಿಚರ್ಯೆ ಸೋತಿತು.

ಈಗ ನಮ್ಮ ಜಿಲ್ಲೆಯ ಮಾತಿಗೆ ಬರೋಣ. ಹೊಸಕೋಟೆಯಲ್ಲಿ ವೋಲ್ವೋ ಕಂಪನಿ 1998ರಲ್ಲಿ ಲಾರಿಗಳ ತಯಾರಿಕೆಯನ್ನು ಆರಂಭಿಸಿತು. 2001ರಲ್ಲಿ ಬಂದ ಅದರ ಬಿ7ಆರ್ ಬಸ್ಸು, ಹಿಂಬದಿಯಲ್ಲಿ ಏಳು ಲೀಟರಿನ ಟರ್ಬೋ ಡೀಸೆಲ್ ಎಂಜಿನ್ನನ್ನು ಹೊತ್ತು, ದೂರಪ್ರಯಾಣದ ವಿಷಯದಲ್ಲಿ ನಮ್ಮವರ ನಿರೀಕ್ಷೆಗಳನ್ನೇ ಬದಲಿಸಿತು. 2017ರಿಂದ ಅದೇ ಪರಿಸರದಲ್ಲಿ ವೋಲ್ವೋ ಕಾರುಗಳ ಜೋಡಣೆಯೂ ನಡೆಯುತ್ತಿದೆ. ಈ ಕಾರುಗಳ 1,969 ಸಿಸಿ ಗಾತ್ರದ ನಾಲ್ಕು ಸಿಲಿಂಡರಿನ ಪೆಟ್ರೋಲ್ ಎಂಜಿನ್ನು ಟರ್ಬೋವಿನ ಬಲದಿಂದ 250 ಅಶ್ವಶಕ್ತಿಯನ್ನು ಕೊಡುತ್ತದೆ. ಒಂದು ತಲೆಮಾರಿನ ಹಿಂದೆ ಇಷ್ಟು ಶಕ್ತಿಗೆ ಮೂರು ಲೀಟರಿನ ಆರು ಸಿಲಿಂಡರು ಬೇಕಾಗುತ್ತಿತ್ತು. ಸಣ್ಣ ಕೋಣೆಯಲ್ಲಿ ದೊಡ್ಡ ಬೆಂಕಿಯನ್ನು ಕೂಡಿಹಾಕಿರುವ ಇಂಥ ಎಂಜಿನ್ನಿನ ಎಣ್ಣೆಗೆ ಕಂಪನಿಯು 0ಡಬ್ಲ್ಯು-20 ಎಂಬ ತೆಳುವಾದ ದರ್ಜೆಯನ್ನೂ, ಅದರ ಮೇಲೆ ತನ್ನದೇ ಆದ ಪ್ರಮಾಣವನ್ನೂ ವಿಧಿಸಿದೆ. ಡಬ್ಬಿಯ ಮೇಲಿನ ದರ್ಜೆಯೊಂದನ್ನೇ ನೋಡಿ, ಪ್ರಮಾಣದ ಸಂಕೇತವನ್ನು ಓದದೆ, ರಿಯಾಯಿತಿ ದೊರೆತುದನ್ನು ಸುರಿಸಿಕೊಳ್ಳುವವರನ್ನು ಕಂಡರೆ ನನಗೆ ಜೆಟ್‌ಫೈರಿನ ಮಾಲೀಕರ ನೆನಪಾಗುತ್ತದೆ.

ಎಣ್ಣೆಗೆ ಇಷ್ಟೊಂದು ಮಹತ್ತ್ವವೇಕೆಂಬುದನ್ನು ಟರ್ಬೋವನ್ನು ಬಿಚ್ಚಿ ಮೇಜಿನ ಮೇಲಿಟ್ಟು ನೋಡಿದವರು ಮರೆಯಲಾರರು. ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣದಾದ ಒಂದು ದಂಡ. ಅದರ ಒಂದು ಕೊನೆಗೆ ನಿಕ್ಕಲ್ ಮಿಶ್ರಲೋಹದ ಚಕ್ರ, ಇನ್ನೊಂದು ಕೊನೆಗೆ ಅಲ್ಯುಮಿನಿಯಮಿನ ಚಕ್ರ. ಮೊದಲನೆಯದು ಪೆಟ್ರೋಲ್ ಎಂಜಿನ್ನಿನಲ್ಲಿ 950 ಡಿಗ್ರಿ ಸೆಲ್ಸಿಯಸ್ಸನ್ನು ಮುಟ್ಟುವ ಅನಿಲದಲ್ಲಿ ಕೆಂಪಗೆ ಕಾಯುತ್ತದೆ. ಎರಡನೆಯದು, ನಾಲ್ಕು ಬೆರಳಿನಷ್ಟು ಆಚೆ, ಹೊರಗಿನ ತಣ್ಣನೆಯ ಗಾಳಿಯನ್ನು ಹೀರುತ್ತಿರುತ್ತದೆ. ಇವೆರಡರ ನಡುವೆ ಆ ದಂಡವು ನಿಮಿಷಕ್ಕೆ ಎರಡು ಲಕ್ಷ ಸುತ್ತುಗಳವರೆಗೆ, ಎಂದರೆ ಸೆಕೆಂಡಿಗೆ ಮೂರು ಸಾವಿರಕ್ಕೂ ಹೆಚ್ಚು ಸುತ್ತು ತಿರುಗತಕ್ಕದ್ದು. ಬಹುಪಾಲು ಟರ್ಬೋಗಳಲ್ಲಿ ಅದನ್ನು ಹಿಡಿದಿರುವುದು ಗುಂಡುಬೇರಿಂಗು ಕೂಡ ಅಲ್ಲ. ಹಿತ್ತಾಳೆಯ ಬಣ್ಣದ ಎರಡು ಬುಷ್ಷುಗಳು, ಅವುಗಳ ಒಳಗೂ ಹೊರಗೂ ಕೂದಲೆಳೆಯಷ್ಟೂ ದಪ್ಪವಿರದ ಎಣ್ಣೆಯ ಪದರ. ದಂಡವು ಬುಷ್ಷನ್ನು ಮುಟ್ಟುವಂತಿಲ್ಲ, ಎಣ್ಣೆಯಲ್ಲಿ ತೇಲಬೇಕು. ಹೀಗಿರುವುದರಿಂದ ದಂಡವನ್ನು ಬೆರಳಿನಿಂದ ಅಡ್ಡಕ್ಕೆ ಅಲುಗಿಸಿದರೆ ಕೊಂಚ ಪ್ಲೇ ಇರುವುದು ಸಹಜ. ಉದ್ದಕ್ಕೆ ಹಿಂದುಮುಂದಾಗಿ ಎಳೆದಾಗ ಕೈಗೆ ತಿಳಿಯುವಷ್ಟು ಅಲುಗಾಟವಿದ್ದರೆ ಮಾತ್ರ ಅದರ ಆಯುಸ್ಸು ಮುಗಿಯುತ್ತ ಬಂದಿದೆಯೆಂದು ತಿಳಿಯತಕ್ಕದ್ದು. ಈ ಭೇದವನ್ನರಿಯದೆ ಒಳ್ಳೆಯ ಟರ್ಬೋವನ್ನು ಗುಜರಿಗೆ ಕಳಿಸಿದವರೂ ಉಂಟು.

ಇಂಥ ಯಂತ್ರಕ್ಕೆ ಎರಡು ಗಳಿಗೆಗಳು ಕಷ್ಟಕರ: ಎಣ್ಣೆ ಇನ್ನೂ ಬೆಚ್ಚಗಾಗದಿರುವ ಮೊದಲ ಗಳಿಗೆ, ಎಣ್ಣೆಯ ಹರಿವು ನಿಂತುಹೋಗುವ ಕೊನೆಯ ಗಳಿಗೆ. ನೀರಿನ ಉಷ್ಣತೆಯನ್ನು ತೋರಿಸುವ ಮುಳ್ಳು ನಡುವಿಗೆ ಬಂದಿತೆಂದ ಮಾತ್ರಕ್ಕೆ ಎಣ್ಣೆಯೂ ಸಿದ್ಧವಾಯಿತೆಂದು ಭಾವಿಸುವುದು ತಪ್ಪು. ನೀರಿಗಿಂತ ಎಣ್ಣೆ ಬಹಳ ಸಾವಕಾಶವಾಗಿ ಕಾಯುತ್ತದೆ. ಮಾರ್ಗಶಿರದ ಚಳಿಯ ಬೆಳಗುಗಳಲ್ಲಿ ಇದನ್ನು ವಿಶೇಷವಾಗಿ ನೆನೆಯಬೇಕು. ಕೊನೆಯ ಗಳಿಗೆಗೆ ಹೊಸಕೋಟೆಯಲ್ಲಿಯೇ ಉದಾಹರಣೆ ಸಿಕ್ಕುತ್ತದೆ. ಭಾನುವಾರ ಇನ್ನೂ ಕತ್ತಲಿರುವಾಗಲೇ ದಮ್ ಬಿರಿಯಾನಿಯ ಆಸೆಯಿಂದ ಬೆಂಗಳೂರಿನ ತರುಣರು ಹಳೆ ಮದರಾಸು ರಸ್ತೆಯ ಮೇಲೆ ಕಾರುಗಳನ್ನು ಹಾರಿಸಿಕೊಂಡು ಬರುತ್ತಾರೆ. ಬಿರಿಯಾನಿಯ ಬಗ್ಗೆ ನನಗೆ ವಾದವಿಲ್ಲ, ಆದರೆ ಸಾಲು ಬೆಳೆಯುವುದಕ್ಕೆ ಮುಂಚೆ ನಿಲ್ಲಬೇಕೆಂಬ ಅವಸರದಲ್ಲಿ, ಟರ್ಬೋ ಕೆಂಡದಂತಿರುವಾಗಲೇ ಎಂಜಿನ್ನನ್ನು ತಟ್ಟನೆ ನಿಲ್ಲಿಸಿ ಇಳಿಯುತ್ತಾರೆ. ಆಗ ಎಣ್ಣೆಯ ಪಂಪು ನಿಲ್ಲುತ್ತದೆ. ಬಿಸಿಚಕ್ರದ ಕಾವು ದಂಡದ ಗುಂಟ ಬುಷ್ಷಿನವರೆಗೆ ನಡೆದುಬರುತ್ತದೆ. ಅಲ್ಲಿ ಸಿಕ್ಕಿಬಿದ್ದ ನಾಲ್ಕು ಹನಿ ಎಣ್ಣೆ ಸೀದು, ತಳಹಿಡಿದ ಬಾಣಲೆಯ ಕರಿಯಂತೆ ಗಟ್ಟಿಯಾಗಿ ಎಣ್ಣೆಯ ದಾರಿಯನ್ನು ಕಿರಿದುಗೊಳಿಸುತ್ತದೆ. ಈಚಿನ ಕಾರುಗಳಲ್ಲಿ ಟರ್ಬೋವಿನ ಒಡಲಿಗೆ ನೀರಿನ ತಂಪನ್ನೂ, ಎಂಜಿನ್ನು ನಿಂತ ಮೇಲೆಯೂ ಆ ನೀರನ್ನು ಕೆಲಕಾಲ ತಿರುಗಿಸುವ ವಿದ್ಯುತ್ ಪಂಪನ್ನೂ ಕೊಟ್ಟಿರುವುದರಿಂದ ಅಪಾಯ ಬಹಳಮಟ್ಟಿಗೆ ತಗ್ಗಿದೆ. ಬಾನೆಟ್ಟಿನ ಒಳಗಿಂದ ಬರುವ ಆ ಗುಂಯ್‌ಗುಡುವ ಸದ್ದನ್ನು ಕೇಳಿ ಬ್ಯಾಟರಿ ಇಳಿಯುತ್ತಿದೆಯೆಂದು ಗಾಬರಿಗೊಳ್ಳುವ ಕಾರಣವಿಲ್ಲ. ಆದರೂ ಕೊನೆಯ ಒಂದೆರಡು ಕಿಲೋಮೀಟರನ್ನು ಮೆಲ್ಲನೆ ನಡೆಸಿ ತರುವುದು ಸತ್ಸಂಪ್ರದಾಯ.

ಇದಕ್ಕಿಂತ ಸೂಕ್ಷ್ಮವಾದ, ಟರ್ಬೋ ಕಾರುಗಳ ಮಾಲೀಕರಲ್ಲಿ ಹೆಚ್ಚು ಮಂದಿ ಕೇಳಿಯೂ ಇರದ ಒಂದು ವ್ಯಾಧಿಯುಂಟು. ಪೆಟ್ರೋಲನ್ನು ನೇರವಾಗಿ ಸಿಲಿಂಡರಿನೊಳಕ್ಕೇ ಚಿಮ್ಮಿಸುವ ಟರ್ಬೋ ಎಂಜಿನ್ನುಗಳಲ್ಲಿ, ಸುತ್ತು ಕಡಮೆಯಿದ್ದು ಹೊರೆ ಹೆಚ್ಚಾದಾಗ, ಪಿಸ್ಟನ್ನಿನ ಉಂಗುರದ ಸಂದಿನಿಂದ ಎದ್ದ ಎಣ್ಣೆ ಪೆಟ್ರೋಲುಗಳ ಒಂದು ಹನಿ ಪ್ಲಗ್ಗಿನ ಕಿಡಿಗಿಂತ ಮುಂಚೆಯೇ ಹೊತ್ತಿಕೊಳ್ಳಬಹುದು. ಮೇಲೇರುತ್ತಿರುವ ಪಿಸ್ಟನ್ನಿಗೆ ಎದುರಾಗಿ ಸ್ಫೋಟ ನಡೆದು, ಉಂಗುರದ ಮೆಟ್ಟಿಲು ಬಿರಿಯಲು ಒಂದೆರಡು ಪೆಟ್ಟು ಸಾಕು. ನಂದಿಯ ತಿರುವುಗಳಲ್ಲಿ ಮೂರನೆಯ ಗೇರಿಗೆ ಇಳಿಸಬೇಕಾದ ಕಡೆ ಐದನೆಯದರಲ್ಲಿಯೇ ಇಟ್ಟು, ಸಾವಿರದ ಐನೂರು ಸುತ್ತಿನಲ್ಲಿ ಆಕ್ಸಿಲರೇಟರನ್ನು ಅದುಮಿ, ಟರ್ಬೋ ತಾನೇ ಎಳೆದುಕೊಂಡು ಹೋಗುತ್ತದೆಂದು ಹೆಮ್ಮೆಪಡುವವರು ಈ ವ್ಯಾಧಿಗೆ ಆಮಂತ್ರಣ ಕಳಿಸುತ್ತಿದ್ದಾರೆ. ಪೆಟ್ರೋಲ್ ಉಳಿಸುವುದಕ್ಕೆಂದು ಬೇಗಬೇಗ ಮೇಲಿನ ಗೇರಿಗೆ ಹೋಗುವ ನಮ್ಮ ಹಳೆಯ ಡ್ರೈವಿಂಗ್ ಸ್ಕೂಲುಗಳ ಪಾಠ ಇಲ್ಲಿ ಅರ್ಧಸತ್ಯ. ಎಣ್ಣೆಯ ಪಾತ್ರ ಇಲ್ಲಿಯೂ ಬರುತ್ತದೆ: ಕೊಳೆ ತೊಳೆಯಲು ಎಣ್ಣೆಗೆ ಸೇರಿಸುವ ಕ್ಯಾಲ್ಸಿಯಂ ಲವಣಗಳು ಈ ಅಕಾಲದಹನಕ್ಕೆ ಒತ್ತಾಸೆಯಾಗುತ್ತವೆಂದು ಕಂಡುಬಂದು, ಅವುಗಳ ಒಂದಂಶವನ್ನು ತಗ್ಗಿಸಿ ಮೆಗ್ನೀಸಿಯಂ ಬಳಸಿದ ಎಣ್ಣೆಗಳು ರೂಢಿಗೆ ಬಂದವು. 2018ರಲ್ಲಿ ಎಪಿಐ ಎಸ್‌ಎನ್ ಪ್ಲಸ್, 2020ರಲ್ಲಿ ಎಸ್‌ಪಿ ಎಂಬ ದರ್ಜೆಗಳು ಈ ಪರೀಕ್ಷೆಯನ್ನು ಸೇರಿಸಿಕೊಂಡೇ ಹುಟ್ಟಿದುವು. ಅಂಗಡಿಯ ಮೂಲೆಯಲ್ಲಿ ಉಳಿದ ಹಳೆಯ ದರ್ಜೆಯ ಡಬ್ಬಿ ಅಗ್ಗಕ್ಕೆ ದೊರೆತರೂ ಟರ್ಬೋ ಪೆಟ್ರೋಲಿಗೆ ಅದು ಬೇಡ.

ಧೂಳಿನ ವಿಷಯ ಎರಡೇ ಮಾತು. ಕಲ್ಲುಕ್ವಾರಿಗಳ ಟಿಪ್ಪರುಗಳೂ ಮುಗಿಯದ ರಸ್ತೆ ಕಾಮಗಾರಿಗಳೂ ಸೇರಿ ನಮ್ಮ ಜಿಲ್ಲೆಯ ಗಾಳಿಯನ್ನು ಮರಳುಕಾಗದದಂತೆ ಮಾಡಿರುವಾಗ, ಏರ್ ಫಿಲ್ಟರನ್ನು ಕಂಪನಿ ಹೇಳಿದ ಅವಧಿಗಿಂತ ಮುಂಚೆಯೇ ಬದಲಿಸುವುದು ಮೇಲು. ಸೋರುವ ಫಿಲ್ಟರಿನ ಹಿಂದೆ ಅಲ್ಯುಮಿನಿಯಂ ಚಕ್ರದ ಅಲಗುಗಳು ಮೊಂಡಾಗುವುದಕ್ಕೆ ಬಹಳ ಕಾಲ ಬೇಕಿಲ್ಲ. ಟರ್ಬೋದಿಂದ, ಒತ್ತಿ ಕಾದ ಗಾಳಿಯನ್ನು ತಣಿಸುವ ಇಂಟರ್‌ಕೂಲರಿಗೆ ಹೋಗುವ ರಬ್ಬರ್ ಕೊಳವೆಗಳ ಕ್ಲಿಪ್ಪುಗಳನ್ನೂ ಆಗಲೇ ನೋಡಿಬಿಡಬೇಕು. ಹೊಸದಾಗಿ ಸೀಟಿಯಂಥ ಸದ್ದು ಬಂದು ಪಿಕಪ್ ಕುಂದಿದ್ದರೆ ಬಹುಶಃ ಅಲ್ಲಿಯೇ ಗಾಳಿ ಸೋರುತ್ತಿರುತ್ತದೆ.

ಇನ್ನು ರೀಮ್ಯಾಪ್ ಎಂಬ ಮೋಹದ ಪ್ರಸ್ತಾಪ. ಎಂಜಿನ್ನಿನ ಕಂಪ್ಯೂಟರಿನ ಬರಹವನ್ನು ತಿದ್ದಿ, ಟರ್ಬೋವಿನ ಒತ್ತಡವನ್ನು ಏರಿಸಿ, ಒಂದೇ ಮಧ್ಯಾಹ್ನದಲ್ಲಿ ಮೂವತ್ತು ನಲವತ್ತು ಅಶ್ವಶಕ್ತಿಗಳನ್ನು ಕೂಡಿಸಿಕೊಡುವವರು ಈಗ ಹಲವರಿದ್ದಾರೆ. ಈ ವಿದ್ಯೆಯನ್ನು ನಾನು ನಿಂದಿಸುವವನಲ್ಲ. ಆದರೆ ಸಮುದ್ರಮಟ್ಟದ ಊರಿನಲ್ಲಿ ಬರೆದ ಲೆಕ್ಕವನ್ನು ಇಲ್ಲಿ ಹಾಗೆಯೇ ಇಳಿಸುವುದು ಅವಿವೇಕ. ಎಂಜಿನ್ನಿನೊಳಗೆ 2 ಬಾರ್ ಒತ್ತಡ ಬೇಕೆಂದರೆ ಮಂಗಳೂರಿನ ಟರ್ಬೋ ಹೊರಗಿನ ಗಾಳಿಯನ್ನು ಸರಿಸುಮಾರು ಎರಡು ಪಟ್ಟು ಒತ್ತಿದರೆ ಸಾಕು. ದೇವನಹಳ್ಳಿಯ ಟರ್ಬೋ ಅದೇ ಫಲಕ್ಕೆ 2.2 ಪಟ್ಟು ಒತ್ತಬೇಕು. ಹೆಚ್ಚು ಒತ್ತಿದ ಗಾಳಿ ಹೆಚ್ಚು ಕಾಯುತ್ತದೆ, ಚಕ್ರ ತನ್ನ ಮಿತಿಗೆ ಹತ್ತಿರವಾಗುತ್ತದೆ. ಕಂಪನಿಯವರು ಬಿಟ್ಟಿದ್ದ ಅಂತರವನ್ನು ನಮ್ಮ ಬಯಲು ಆಗಲೇ ಒಂದಿಷ್ಟು ತಿಂದಿರುತ್ತದೆ. ಮಿಕ್ಕುದನ್ನು ರೀಮ್ಯಾಪಿಗೆ ಕೊಟ್ಟವನಿಗೆ ಏಪ್ರಿಲ್ ತಿಂಗಳ ಬಿಸಿಲಿನ ದಿನಕ್ಕೆ ಉಳಿಯುವುದೇನೂ ಇಲ್ಲ.

ನೆಲಮಂಗಲದ ಲಾರಿ ಗ್ಯಾರೇಜುಗಳ ಮೇಸ್ತ್ರಿಗಳಲ್ಲಿ ಈ ವಿಷಯದ ಅನುಭವಜ್ಞಾನ ಎಷ್ಟಿದೆಯೆಂಬುದು ಹೊಳೆಯುವ ಷೋರೂಮುಗಳಲ್ಲಿ ಕಾಫಿ ಕುಡಿಯುತ್ತ ಕುಳಿತವರಿಗೆ ತಿಳಿಯದು. ತುಮಕೂರು, ಹಾಸನಗಳ ಹೆದ್ದಾರಿಗಳು ಕವಲೊಡೆಯುವ ಆ ಊರಿನಲ್ಲಿ ಹಿರಿಯ ಮೇಸ್ತ್ರಿಯೊಬ್ಬರು, ಒಂದು ಕಾಲನ್ನು ಬಂಪರಿನ ಮೇಲಿಟ್ಟುಕೊಂಡು, ನನಗೆ ಹೇಳಿದ ಮಾತಿದು: "ಟರ್ಬೋ ಹೋಯ್ತು, ಹೊಸದು ಹಾಕು ಅಂತ ಬತ್ತಾರೆ ಸಾರ್. ಯಾಕೋಯ್ತು ಅಂತ ಯಾರೂ ಕೇಳಾಕಿಲ್ಲ. ಕೇಳ್ದೆ ಹಾಕುದ್ರೆ ಅದೂ ಹೋಯ್ತದೆ." ಇದು ಅಕ್ಷರಶಃ ಸತ್ಯ. ನೀಲಿ ಹೊಗೆ ಕಂಡೊಡನೆ ಟರ್ಬೋವಿನ ಸೀಲು ಹೋಗಿದೆಯೆನ್ನುವುದು ವಾಡಿಕೆ. ಎಣ್ಣೆಯು ಟರ್ಬೋದಿಂದ ಕೆಳಗಿಳಿಯುವ ಕೊಳವೆ ಕಟ್ಟಿಕೊಂಡಿದ್ದರೂ, ಎಂಜಿನ್ನಿನ ಒಡಲಿನ ಬ್ರೀದರ್ ಮುಚ್ಚಿಹೋಗಿ ಒಳಗೆ ಒತ್ತಡ ಕೂಡಿದ್ದರೂ, ಒಳ್ಳೆಯ ಸೀಲನ್ನು ದಾಟಿ ಎಣ್ಣೆ ಹೊಗೆಯಾಗುತ್ತದೆ. ಬುಷ್ಷು ಸವೆದಿದ್ದರೆ ಎಣ್ಣೆಯ ತೊಟ್ಟಿಯನ್ನು ಇಳಿಸಿ ಜಾಲರಿಯನ್ನು ನೋಡಬೇಕು. ಅದರಲ್ಲಿ ಕರಿಯ ಕೆಸರು ಕಟ್ಟಿದ್ದರೆ ಅಪರಾಧಿ ಅಲ್ಲಿಯೇ ಸಿಕ್ಕಿದಂತಾಯಿತು. ಎಣ್ಣೆ ಬರುವ ಸಣ್ಣ ಕೊಳವೆಯನ್ನು ತೊಳೆದು ಬಳಸುವ ಉಳಿತಾಯ ಬೇಡ, ಹೊಸದನ್ನೇ ಹಾಕಿಸುವುದು. ಹಳೆಯ ಚಕ್ರ ಮುರಿದಿದ್ದಲ್ಲಿ ಇಂಟರ್‌ಕೂಲರನ್ನು ಬಿಚ್ಚಿ, ಒಳಗೆ ಸಿಕ್ಕಿರಬಹುದಾದ ಚೂರುಗಳನ್ನು ತೆಗೆಯಿಸುವುದು. ಹೊಸ ಟರ್ಬೋ ಕೂರಿಸುವಾಗ ಅದರ ಎಣ್ಣೆಯ ರಂಧ್ರಕ್ಕೆ ಒಂದಿಷ್ಟು ಹೊಸ ಎಣ್ಣೆಯನ್ನು ಸುರಿದು, ಚಕ್ರವನ್ನು ಬೆರಳಿನಿಂದ ನಾಲ್ಕು ಸುತ್ತು ತಿರುಗಿಸಿ, ಇಂಧನದ ಹರಿವನ್ನು ತಡೆದು ಎಂಜಿನ್ನನ್ನು ಸ್ಟಾರ್ಟರಿನಿಂದಷ್ಟೇ ಸುತ್ತಿಸುತ್ತ ಎಣ್ಣೆಯ ಒತ್ತಡ ಏರುವುದನ್ನು ಕಾಯಬೇಕು. ನೆಲಮಂಗಲದ ಮೇಸ್ತ್ರಿಗಳು ಇದಕ್ಕೆ ಮೊದಲು ಕೀಲಿಯನ್ನು ಮಾಲೀಕನ ಕೈಗೆ ಕೊಡುವುದಿಲ್ಲ. ಅವನು ಎಷ್ಟೇ ಅವಸರಪಡಿಸಲಿ, ಚಹಾ ತರಿಸಿ ಬೆಂಚಿನ ಮೇಲೆ ಕೂರಿಸುತ್ತಾರೆ.