ಅರ್ಥಧಾರಿಯ ಎದುರು ಕೂತು

ವೇಷವಿಲ್ಲ, ಕುಣಿತವಿಲ್ಲ. ಭಾಗವತರು, ಚೆಂಡೆ-ಮದ್ದಳೆ, ಎದುರುಬದುರು ಕೂತ ನಾಲ್ಕಾರು ಅರ್ಥಧಾರಿಗಳು. ತಾಳಮದ್ದಳೆಯೆಂದರೆ ಕಣ್ಣಿಗೆ ಕಾಣುವುದು ಇಷ್ಟೇ. ಭಾಗವತರು ಪ್ರಸಂಗದ ಪದ್ಯ ಹಾಡುತ್ತಾರೆ, ಆ ಪಾತ್ರದವರು ಅರ್ಥ ಹೇಳುತ್ತಾರೆ. ಬರೆದಿಟ್ಟದ್ದು ಪದ್ಯ ಮಾತ್ರ. ಮಾತೆಲ್ಲ ಆ ಹೊತ್ತಿನದು. ಬರೆಯುವವರು, ಪಾಠ ಮಾಡುವವರು, ಕೋರ್ಟಿನಲ್ಲಿ ವಾದಿಸುವವರು ಮಳೆಗಾಲದಲ್ಲಿ ಕರಾವಳಿಯ ಒಂದು ಕೂಟಕ್ಕಾದರೂ ಹೋಗಬೇಕು. ಯಕ್ಷಗಾನ ಮೇಳಗಳ ತಿರುಗಾಟ ಮುಗಿದು ಕಲಾವಿದರು ಬಿಡುವಾಗಿರುವ ಕಾಲ ಅದು.

ಮೊದಲಿಗೆ ‘ವಾಲಿವಧೆ’ ಪ್ರಸಂಗ ಒಳ್ಳೆಯದು. ಬಾಣ ನಾಟಿ ಬಿದ್ದ ವಾಲಿ ಕೇಳುತ್ತಾನೆ: ಮರೆಯಲ್ಲಿ ನಿಂತು ಹೊಡೆದೆಯಲ್ಲ, ನಾನು ನಿನಗೇನು ಮಾಡಿದ್ದೆ? ರಾಮನ ಬಳಿ ಉತ್ತರಗಳಿವೆ. ತಮ್ಮನ ಹೆಂಡತಿಯನ್ನು ಇಟ್ಟುಕೊಂಡವನು ನೀನು. ಈ ನೆಲ ಭರತನ ಆಳ್ವಿಕೆಯದು. ಮೃಗವನ್ನು ಮರೆಯಿಂದ ಹೊಡೆದರೆ ತಪ್ಪಿಲ್ಲ. ಈ ಕೊನೆಯದು ಬಂದಾಗ ಕಿವಿ ನಿಮಿರಲಿ. ಪಳಗಿದ ವಾಲಿ ಅದನ್ನು ಅಲ್ಲಗಳೆಯುವುದಿಲ್ಲ, ಒಪ್ಪಿಕೊಳ್ಳುತ್ತಾನೆ. ‘ಸರಿ, ಮೃಗವೇ. ಹಾಗಾದರೆ ಮೃಗಕ್ಕೆ ತನ್ನ ಹೆಂಡತಿ, ತಮ್ಮನ ಹೆಂಡತಿ ಎಂಬ ಲೆಕ್ಕ ಕೇಳುತ್ತೀಯಲ್ಲ?’ ರಾಮನ ಮೊದಲ ಉತ್ತರ ಅಲ್ಲಿಗೆ ಅಲುಗಾಡಿತು. ಇನ್ನು ಅದನ್ನು ಎತ್ತಿ ನಿಲ್ಲಿಸುವ ಪಾಡು ರಾಮನ ಅರ್ಥಧಾರಿಯದು.

ಇಷ್ಟೆಲ್ಲ ಗೆದ್ದರೂ ವಾಲಿ ಕೊನೆಗೆ ಶರಣಾಗಲೇಬೇಕು, ಪದ್ಯ ಮೀರುವಂತಿಲ್ಲ. ವಾದದಿಂದ ಭಕ್ತಿಗೆ ಆತ ಹೇಗೆ ಹೊರಳುತ್ತಾನೆ? ಕಚ್ಚಾ ಕೈಯವರು ಸೋತೆ ಎಂದು ಕೈಮುಗಿದುಬಿಡುತ್ತಾರೆ. ಬಲ್ಲವರು ಅದಕ್ಕೆ ಅರ್ಧಗಂಟೆ ಮೊದಲೇ ಒಂದು ಮಾತನ್ನು ಬಿತ್ತಿರುತ್ತಾರೆ. ಕಥೆ ಬರೆಯುವವರಿಗೆ ಇದಕ್ಕಿಂತ ದೊಡ್ಡ ಪಾಠ ನನಗಂತೂ ಗೊತ್ತಿಲ್ಲ.

ಸುಮ್ಮನಿರುವವರನ್ನೂ ನೋಡುತ್ತಿರಿ. ಎದುರಿನವರ ಮಾತಿನಲ್ಲಿ ಯಾವ ಶಬ್ದಕ್ಕೆ ಅವರು ತಲೆ ಎತ್ತಿದರೋ, ಉತ್ತರ ಬಹುಮಟ್ಟಿಗೆ ಅಲ್ಲಿಂದಲೇ ಶುರುವಾಗುತ್ತದೆ. ಏನು ಕೇಳಿದರೂ ಬಾಯಿಪಾಠ ಒಪ್ಪಿಸುವವರೂ ಇದ್ದಾರೆ, ಚಪ್ಪಾಳೆ ಅವರಿಗೂ ಬೀಳುತ್ತದೆ.

ಶೇಣಿ ಗೋಪಾಲಕೃಷ್ಣ ಭಟ್ಟರ (1918–2006) ಅರ್ಥಗಾರಿಕೆಯ ಧ್ವನಿಮುದ್ರಣಗಳು ಈಗಲೂ ಸಿಗುತ್ತವೆ. ಅವರ ದನಿ, ಪದಗಳ ನಕಲಿಗೆ ಇಳಿಯಬೇಡಿ. ಒಮ್ಮೆ ಸುಮ್ಮನೆ ಕೇಳಿ. ಎರಡನೇ ಸಲ, ಎದುರಾಳಿಯ ಪ್ರಶ್ನೆ ಮುಗಿದ ಕೂಡಲೇ ನಿಲ್ಲಿಸಿ, ನಿಮ್ಮ ಉತ್ತರವನ್ನು ಬರೆದಿಟ್ಟುಕೊಂಡು ಆಮೇಲೆ ಮುಂದುವರಿಸಿ.